ಏಳು ಫೂಟಿನ ಕೊಪ್ಪರಿಗೆ, ಇಪ್ಪತ್ತೊಂದು ಫೂಟಿನ ಹಾರ

ಕುರ್ಚಿ ಗಟ್ಟಿಯಾಗಿ ಹಿಡಿದುಕೊಳ್ಳಿ. ಸೀಟಿ ಹೊಡೆಯುವವರು ಬೆರಳು ಒದ್ದೆ ಮಾಡಿಕೊಳ್ಳಿ. ಈ ವರ್ಷ ಬೇಡಕಿಹಾಳದೊಳಗೆ ಮೊದಲ ಕಬ್ಬಿನ ಟ್ರ್ಯಾಕ್ಟರ್ ಬಂದಾಗ ಮೇಲೆ ರಾಜನಂತೆ ಕುಳಿತಿದ್ದವನು ನಮ್ಮ ರೋಹನ. ಎರಡೂ ಕೈ ಮೇಲೆತ್ತಿಕೊಂಡು ಬಂದ, ಸ್ಟೇರಿಂಗ್ ಮುಟ್ಟಲೇ ಇಲ್ಲ! ಇಂಥ ಎಂಟ್ರಿಯನ್ನು ನೀವು ಸಿನಿಮಾದಲ್ಲೂ ನೋಡಿರಲಿಕ್ಕಿಲ್ಲ.

ರೋಹನನ ಕಾಕಾ ಧರೆಪ್ಪನದು ಬೆಲ್ಲದ ಗಾಣ. ಹಂಗಾಮಿನ ಮೊದಲ ದಿನ, ಒಲೆ ಹೊತ್ತಿಸುವ ಮುಂಚೆ, ಕಬ್ಬಿನ ಹಾಲು ಕುದಿಸುವ ಕೊಪ್ಪರಿಗೆಯ ಅಂಚಿನ ಸುತ್ತ ಚೆಂಡುಹೂವಿನ ಹಾರ ಇಡುವುದು ಆ ಮನೆಯ ಪದ್ಧತಿ. ಒಂದೇ ದಾರದ ಹಾರ, ತುಂಡು ಜೋಡಿಸುವಂತಿಲ್ಲ. ಆರತಿ ಮುಗಿಯುವವರೆಗೆ ಕೂಡಿದ ತುದಿಗಳು ಬಿಡುವಂತಿಲ್ಲ. ಹಾರ ತಂದವರ ಕೈಗೆ ಆರತಿಯ ನಡುವೆಯೇ ಟ್ರ್ಯಾಕ್ಟರಿನ ಚಾವಿ. ಮೊದಲ ಹೇರು ತರುವ ಮಾನ ಅವರದು.

ರೋಹನನಿಗೆ ಆ ಚಾವಿ ಬೇಕಿತ್ತು. ಹೋದ ವರ್ಷ ಹಾರ್ನಿಗೆ ಆಂಬುಲೆನ್ಸಿನ ಸೈರನ್ ಜೋಡಿಸಿ ಅರ್ಧ ಊರನ್ನು ಬೀದಿಗೆ ಓಡಿಸಿದ ಮೇಲೆ, ಕಾಕಾ ಅವನನ್ನು ಟ್ರ್ಯಾಕ್ಟರಿನ ಹತ್ತಿರವೂ ಬಿಟ್ಟಿರಲಿಲ್ಲ. ಉಳಿದಿದ್ದು ಇದೊಂದೇ ದಾರಿ.

ಕೊಪ್ಪರಿಗೆಯ ಮೇಲೆ ಅಡ್ಡಲಾಗಿ ಟೇಪು ಹಿಡಿದ. ಏಳು ಫೂಟು.

"ಹೋಗಾಕ ಏಳು, ಬರಾಕ ಏಳು. ಹದಿನಾಕು ಫೂಟು. ಪ್ಯಾಕಪ್!"

ಚಿಕ್ಕೋಡಿಯಲ್ಲಿ ಬಿಎಸ್ಸಿ ಓದುವ ಕಾಕಾನ ಮಗಳು ಕೋಮಲ ಹೊಟ್ಟೆ ಹಿಡಿದುಕೊಂಡು ನಕ್ಕಳು. "ದಾದಾ, ನೀ ನಟ್ಟನಡುವ ದಾಟಾಕತ್ತೀ. ಹಾರ ಸುತ್ತ ಹಾಕ್ಕೊಂಡ ಹೋಗ್ತೈತಿ."

ಕೈಯ ಬಳೆ ತೆಗೆದಳು. ಅದರ ನಡುವಿನ ಅಡ್ಡಳತೆಯಷ್ಟು ದಾರ ಕತ್ತರಿಸಿ ಬಳೆಯ ಅಂಚಿನ ಗುಂಟ ಹಿಡಿದಳು. ಒಂದು, ಎರಡು, ಮೂರು ಸಲ ಹಿಡಿದರೂ ಚೂರು ಸಂದಿ ಉಳಿಯಿತು. ಬಕೀಟಿಗೂ ಹಾಗೇ ಮಾಡಿದಳು, ಮೂರರ ಮೇಲೆ ಸಂದಿ. ಟ್ರ್ಯಾಕ್ಟರಿನ ದೊಡ್ಡ ಗಾಲಿಗೂ ಅಷ್ಟೇ.

"ಯಾವ ದುಂಡಂದ ತಂದ್ರೂ ಇದ ಲೆಕ್ಕ. ಅದಕ್ಕ ಪೈ ಅಂತಾರ. ಮೂರು, ಮ್ಯಾಲ ಪಾಯಿಂಟ್ ಒಂದು, ನಾಕು, ಮುಂದ ಮುಗಿಯೂದ ಇಲ್ಲ. ದುಂಡು ದೊಡ್ಡದಾದಂಗ ಸಂದೀನೂ ದೊಡ್ಡದು. ಇಪ್ಪತ್ತೆರಡು ಫೂಟು ತಗೊಂಡ ಬಾ."

"ಏ ಕೋಮಲ, ಹೀರೋ ಇದ್ದಲ್ಲಿ ಪಾಯಿಂಟಿಗೆ ಪಾರ್ಟ್ ಇರೂದಿಲ್ಲ! ಏಳ ಮೂರ್ಲೆ ಇಪ್ಪತ್ತೊಂದು. ಕಟ್!"

ನಿಪ್ಪಾಣಿಯಿಂದ ಇಪ್ಪತ್ತೊಂದು ಫೂಟಿನ ಹಾರ ಬಂತು. ರೋಹನ ಅದನ್ನು ಅಂಚಿನ ಮೇಲೆ ಇಡುತ್ತಾ ಸುತ್ತು ಬಂದ. ಕೊನೆಗೆ ನೋಡಿದರೆ ಎರಡು ತುದಿಗಳ ನಡುವೆ ಒಂದು ಫೂಟು ಬರಿದೋ ಬರಿದು. ಎಳೆದ. ಹೂವು ಉದುರಿದವು, ಹಾರ ಬೆಳೆಯಲಿಲ್ಲ.

ಅಷ್ಟರಲ್ಲಿ ಧರೆಪ್ಪನ ತಾಯಿ, ಆಯಿ ಲಕ್ಕವ್ವ, ಆರತಿ ಎತ್ತಿದ್ದಳು. "ತುದಿ ಕೂಡ್ಸಲೇ ಬಾಡ್ಯಾ!"

ರೋಹನ ಹಾರಿ ಹೋಗಿ ಒಂದು ತುದಿಯನ್ನು ಬಲಗೈಯಲ್ಲಿ, ಇನ್ನೊಂದನ್ನು ಎಡಗೈಯಲ್ಲಿ ಹಿಡಿದು ಎದೆಯನ್ನು ಕೊಪ್ಪರಿಗೆಗೆ ಆನಿಸಿ ನಿಂತ. ಕಡಿಮೆ ಬಿದ್ದ ಪಾಯಿಂಟಿನ ಜಾಗದಲ್ಲಿ ಈಗ ಇಡೀ ಹೀರೋ! ಮೂಗಿನ ಮೇಲೆ ನೊಣ ಕುಳಿತರೂ ಓಡಿಸುವಂತಿಲ್ಲ.

ಧರೆಪ್ಪ ಚಾವಿ ಚಾಚಿದ. "ತಗೋಪಾ. ಆರತಿ ಮುಗಿಯೂದ್ರಾಗ ತಗೋಬೇಕ ಮತ್ತ."

ರೋಹನ ಚಾವಿ ನೋಡಿದ. ಕೈ ನೋಡಿಕೊಂಡ.

"ಕಾಕಾ, ಬಾಯಾಗ ಹಿಡೀತೇನ್ರಿ!"

"ಟ್ರ್ಯಾಕ್ಟರೂ ಬಾಯಿಲೆ ಹೊಡೀತಿ ಏನಲೇ?" ಎಂದಳು ಆಯಿ. ಗಾಣದ ತುಂಬ ನಗು.

ಕೋಮಲ ಮೆಲ್ಲಗೆ ಅಂಗೈ ಚಾಚಿದಳು. "ಅಪ್ಪಾ, ನನ್ನ ಕೈ ಖಾಲಿ ಅದಾವ ನೋಡ್ರಿ."

ಚಾವಿ ಅವಳ ಅಂಗೈಗೆ ಬಿತ್ತು.

ಇನ್ನು ಮುಚ್ಚಿಟ್ಟು ಫಾಯದೆ ಇಲ್ಲ. ರೋಹನ ಸ್ಟೇರಿಂಗ್ ಮುಟ್ಟಲಿಲ್ಲ ಅಂದದ್ದು ಖರೆ. ಅದು ಕೋಮಲಳ ಕೈಯಲ್ಲಿತ್ತು. ಅವನು ಕುಳಿತದ್ದು ಹಿಂದಿನ ಟ್ರಾಲಿಯಲ್ಲಿ, ಕಬ್ಬಿನ ಮೇಲೆ. ಕೈ ಮೇಲೆತ್ತಿದ್ದೂ ಖರೆ. ಆಯಿ ಆರತಿಯನ್ನು ಬೇಕಂತಲೇ ಎಳೆದಿದ್ದಳು, ಜೋಮು ಹಿಡಿದ ತೋಳುಗಳನ್ನು ಅವನು ಊರು ದಾಟುವವರೆಗೂ ಝಾಡಿಸುತ್ತಲೇ ಇದ್ದ.