ಹಿತ್ತಲ ಬಾಗಿಲ ಹಾಡು

ಯಲಬುರ್ಗಾದ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣು ಒಪ್ಪಿಸುವ ಹೊತ್ತಿಗೆ ಕಳಕಮ್ಮನಿಗೆ ಕರೆ ಬರುತ್ತಿತ್ತು. ಅರಿಸಿನ ಹಚ್ಚುವಾಗ, ಸುರಗಿಯ ನೂಲು ಸುತ್ತುವಾಗ ಹಾಡಲು ಬೇರೆ ಹೆಂಗಸರಿದ್ದರು. ಹೆಣ್ಣನ್ನು ಗಂಡಿನವರ ಕೈಗೆ ಕೊಟ್ಟು ಬಂಡಿ ಹತ್ತಿಸುವಾಗ ಮಾತ್ರ ಕಳಕಮ್ಮನೇ ಹಾಡಬೇಕು. ಆ ಹಾಡು ಆಕೆ ಯಾರಿಂದಲೂ ಕಲಿತದ್ದಲ್ಲ. ತನ್ನ ಒಬ್ಬಳೇ ಮಗಳು ಅನ್ನಮ್ಮನನ್ನು ಕುಷ್ಟಗಿಗೆ ಕಳಿಸಿಕೊಡುವ ದಿನ, ಬಂಡಿಯ ಗಾಲಿ ಹಿಡಿದು ನಿಂತವಳ ಬಾಯಿಂದ ತಾನಾಗಿಯೇ ಹೊರಟದ್ದು:

ಹಿತ್ತಲ ಬಾಗಿಲಕ ಚಿಲಕ ಹಾಕೂದಿಲ್ಲ
ಕತ್ತಲಾದರು ಬಾರ ಮಗಳ – ನಿನ ದನಿಗೆ
ಎತ್ತೆದ್ದು ಕೊರಳ ತಿರುಗ್ಯಾವ

ಅಂದು ಅಳದವರಿರಲಿಲ್ಲ. ಬೀಗರ ಕಡೆಯ ಗಂಡಸರೂ ಶಲ್ಯದ ತುದಿಯಿಂದ ಕಣ್ಣೊರೆಸಿಕೊಂಡಿದ್ದರು. ಕಳಕಮ್ಮನ ಗಂಡ ದೊಡ್ಡಬಸಪ್ಪ ಅರಳೆ ವ್ಯಾಪಾರದವನು, ಯಾವುದಕ್ಕೂ ಹೆಚ್ಚು ಮಾತಾಡದವನು. ಅವನೂ ಆ ದಿನ ಕೊಟ್ಟಿಗೆಗೆ ಹೋಗಿ ಸುಮ್ಮನೆ ಎತ್ತಿನ ಮೈ ತಿಕ್ಕುತ್ತ ನಿಂತುಬಿಟ್ಟಿದ್ದ. ಆಮೇಲೆ ಊರ ಹೆಂಗಸರು ಬಿಡಲಿಲ್ಲ. ಒಬ್ಬರ ಮದುವೆಯಲ್ಲಿ ಹಾಡಿಸಿದರು, ಇನ್ನೊಬ್ಬರ ಮದುವೆಯಲ್ಲಿ ಹಾಡಿಸಿದರು. ಅದು ‘ಕಳಕಮ್ಮನ ಹಾಡು’ ಎಂದೇ ಆಯಿತು.

ವಿಲಾಯತಿಯಲ್ಲಿ ಯುದ್ಧ ಶುರುವಾಗಿ ಸೀಮೆಎಣ್ಣೆ ತುಟ್ಟಿಯಾದ ಬೇಸಿಗೆಯಲ್ಲಿ, ಎದುರು ಮನೆಯ ಬಸವಣ್ಣೆಮ್ಮನ ಮಗಳ ಮದುವೆ ಬಂತು. ಬಸವಣ್ಣೆಮ್ಮ ತಾನೇ ಬಂದು ಕುಂಕುಮ ಹಚ್ಚಿ ಕರೆದು ಹೋಗಿದ್ದಳು. ಕಳಕಮ್ಮ ಇಳಕಲ್ ಸೀರೆ ಉಟ್ಟು, ಗಂಟಲು ಕಟ್ಟಬಾರದೆಂದು ಬೆಳಿಗ್ಗೆಯಿಂದ ಮಜ್ಜಿಗೆ ಮುಟ್ಟದೆ ಹೋಗಿ ಕೂತಳು. ಹಂದರದ ಮೂಲೆಯಲ್ಲಿ ಕೊಪ್ಪಳದ ಉಮರಸಾಬ ಬಾಡಿಗೆಯ ಗ್ರಾಮಫೋನು ತಂದಿಟ್ಟುಕೊಂಡು ಕೀಲಿ ತಿರುವುತ್ತಿದ್ದ. ಹರೆಯದ ಹುಡುಗ ಹುಡುಗಿಯರೆಲ್ಲ ಅವನ ಸುತ್ತ.

“ಹೊಸಾ ಪ್ಲೇಟ್ ಐತ್ರಿ. ಮುಂಬೈದಾಗ ಹಾಡಿ ತುಂಬಿಸ್ಕೊಂಡು ಬಂದಾರ. ಪೇಟಿ ಬಾರ್ಸಿದಾವ ನಿಮ್ಮೂರ ಹುಡುಗನ ಅದಾನ್ರಿ, ವಿರೂಪಾಕ್ಷಪ್ಪ,” ಎಂದ ಉಮರಸಾಬ.

ಕಳಕಮ್ಮನ ಮುಖ ಅರಳಿತು. ವಿರೂಪಾಕ್ಷಪ್ಪ ಅವಳ ಅಣ್ಣನ ಮಗ. ತಾಯಿ ಸತ್ತ ಕೂಸನ್ನು ತಾನೇ ತಂದು ಸಾಕಿದ್ದಳು. ಅನ್ನಮ್ಮನನ್ನು ಅವನಿಗೇ ಕೊಡಬೇಕೆಂದೂ ಒಂದು ಕಾಲಕ್ಕೆ ಅಂದುಕೊಂಡಿದ್ದರು. ಅವನು ಮೀಸೆ ಚಿಗುರುವ ಹೊತ್ತಿಗೆ ಹಾರ್ಮೋನಿಯಂ ಪೇಟಿಯ ಹುಚ್ಚು ಹಿಡಿಸಿಕೊಂಡು ನಾಟಕ ಕಂಪನಿಯ ಬೆನ್ನು ಹತ್ತಿ ಹೋಗಿಬಿಟ್ಟ. ಅನ್ನಮ್ಮ ಕುಷ್ಟಗಿಯ ಪಾಲಾದಳು. ಆದರೂ ತಾನು ಸಾಕಿದ ಹುಡುಗ ಮುಂಬೈತನಕ ಹೋಗಿ ಬಂದ ಎಂದರೆ ಹಿಗ್ಗೇ. “ಹಾಕಪ್ಪ, ಕೇಳೋಣು,” ಎಂದಳು.

ಪ್ಲೇಟು ತಿರುಗಿತು. ಪೇಟಿ, ತಬಲಾ ಗಡಬಡಿಸಿ ಓಡಿದವು. ಆಮೇಲೆ ಒಂದು ತೆಳ್ಳನೆಯ ಹೆಣ್ಣು ದನಿ ನುಲಿಯುತ್ತ ಬಂತು: “ಹಿತ್ತಲ ಬಾಗಿಲಕ ಚಿಲಕ ಹಾಕೂದಿಲ್ಲ, ಕತ್ತಲಾದರ ಬಾರೊ ಜಾಣ...” ಕೂಡಲೇ ಪ್ಲೇಟಿನಲ್ಲೇ ಒಬ್ಬ ಗಂಡಸು ಕೆಮ್ಮಿ ಕೇಳಿದ: “ಎತ್ತು ತಿರುಗಿದರ ತಿರುಗಲಿ, ನಿನ ಗಂಡ ತಿರುಗಿದರ?” ಪೆಟ್ಟಿಗೆಯೊಳಗೂ ನಗು, ಹಂದರದೊಳಗೂ ನಗು.

ಮೊದಲು ಕಳಕಮ್ಮನಿಗೆ ಕಿವಿ ತಪ್ಪಿ ಕೇಳಿಸಿತೇನೋ ಅನ್ನಿಸಿತು. ಎರಡನೆಯ ಸಲವೂ ಅದೇ ಸಾಲು ಬಂತು. ಒಂದೇ ಒಂದು ಮಾತು ಬದಲಾಗಿತ್ತು. ಮಗಳು ಹೋಗಿ ಆ ಜಾಗದಲ್ಲಿ ಮಿಂಡ ಬಂದು ಕೂತಿದ್ದ. ಸುತ್ತಲಿನ ಹೆಂಗಸರು ಒಬ್ಬೊಬ್ಬರಾಗಿ ಅವಳ ಕಡೆ ನೋಡಿ ಮುಖ ತಗ್ಗಿಸಿದರು. ಹುಡುಗರಿಗೆ ಅದ್ಯಾವುದೂ ಬೇಕಿರಲಿಲ್ಲ. “ಇನ್ನೊಮ್ಮಿ ಹಚ್ಚಪ, ಇನ್ನೊಮ್ಮಿ!” ಎಂದು ಕೂಗಿದರು. ಮದುಮಗಳೂ ಬಾಸಿಂಗದ ಮರೆಯಲ್ಲಿ ನಗುತ್ತಿದ್ದಳು.

ಹೆಣ್ಣು ಒಪ್ಪಿಸುವ ಹೊತ್ತಿಗೆ ಬಸವಣ್ಣೆಮ್ಮ ಬಂದು ಮೆಲ್ಲಗೆ ಹೇಳಿದಳು: “ಕಳಕಕ್ಕ, ತಪ್ಪು ತಿಳಿಬ್ಯಾಡ. ಇವತ್ತ ನೀ ಅದನ್ನ ಹಾಡಿದ್ರ ಬೀಗರ ಕಡಿ ಹುಡುಗರು ನಗತಾವ. ಬ್ಯಾರೆ ಯಾವುದರ ಹಾಡು.”

ಬೇರೆ ಯಾವುದೂ ಬಾಯಿಗೆ ಬರಲಿಲ್ಲ. ಕಳಕಮ್ಮ ಮದುಮಗಳ ತಲೆ ಮೇಲೆ ಅಕ್ಷತೆ ಹಾಕಿ ಮನೆಗೆ ಬಂದಳು.

ಒಂದು ವಾರದಲ್ಲಿ ಹಾಡು ಊರಿಗೆಲ್ಲ ಹಬ್ಬಿತು. ದನ ಕಾಯುವವರು ಹಾಡಿದರು, ಚಹಾದ ಅಂಗಡಿಯಲ್ಲಿ ಹಾಡಿದರು. ಅದು ಯಾರ ಹಾಡೆಂದು ಎಲ್ಲರಿಗೂ ಗೊತ್ತಿದ್ದುದೇ ದೊಡ್ಡ ಕುತ್ತಾಯಿತು. ದೊಡ್ಡಬಸಪ್ಪ ಸಂತೆಯಲ್ಲಿ ಅರಳೆ ತೂಗಿಸುತ್ತ ನಿಂತಾಗ ಹಿಂದಿನಿಂದ ಯಾರೋ, “ಸಾವಕಾರ್ರ, ಮನಿ ಹಿತ್ತಲ ಬಾಗಿಲಕ ಚಿಲಕ ಹಾಕೀರಿಲ್ಲ?” ಎಂದರಂತೆ. ಅವನು ಮನೆಗೆ ಬಂದು ಊಟಕ್ಕೆ ಕೂಡುವ ಮೊದಲು ಹೇಳಿದ್ದು ಇಷ್ಟೇ: “ಇನ್ನ ಮ್ಯಾಲ ನೀ ಮಂದಿ ಮನ್ಯಾಗ ಹಾಡೂದು ಬ್ಯಾಡ.”

ಮರುದಿನ ಕಳಕಮ್ಮ ನಾಟಕ ಕಂಪನಿಯ ಮುಕ್ಕಾಮು ಕೊಪ್ಪಳದಲ್ಲಿದೆ ಎಂದು ತಿಳಿದು, ಸರ್ವಿಸ್ ಮೋಟಾರು ಹತ್ತಿ ಹೊರಟಳು.

ತಗಡಿನ ಥೇಟರಿನ ಹಿಂದೆ ವಿರೂಪಾಕ್ಷಪ್ಪ ಹಾಸಿಗೆಯ ಮೇಲೆ ಕೂತು ಪೇಟಿಯ ಧೂಳು ಒರೆಸುತ್ತಿದ್ದ. ಬೈತಲೆ ತೆಗೆದ ಕೂದಲು, ಬಾಯ್ತುಂಬ ಎಲೆ. ಅವಳನ್ನು ಕಂಡು ಗಡಬಡಿಸಿ ಎದ್ದು ಕಾಲು ಮುಟ್ಟಿದ.

“ಅತ್ತೀ! ನೀ ಯಾಕ ಬಿಸಲಾಗ ಬಂದಿ? ಹೇಳಿ ಕಳಿಸಿದ್ರ ನಾನ ಬರತಿದ್ದೆ.”

“ನನ್ನ ಹಾಡಿನಾಗ ಮಗಳಿದ್ದಳು. ಆಕಿ ಎಲ್ಲಿ ಹೋದಳು?”

ಅವನಿಗೆ ಅರ್ಥವಾಯಿತು. ಹೊರಗೆ ಹೋಗಿ ಎಲೆ ಉಗುಳಿ ಬಂದು ಎದುರಿಗೆ ಕೂತ. “ಅತ್ತಿ, ಮಗಳು ಅಂದ್ರ ಮಂದಿ ಅಳತಾರ. ಜಾಣ ಅಂದ್ರ ವನ್ಸ್ ಮೋರ್ ಅಂತಾರ. ಈಗಿನ ಹುಡುಗರಿಗೆ ಅಳೂ ಹಾಡು ಬ್ಯಾಡಾಗ್ಯಾವ. ನಾ ಏನ್ ಮಾಡ್ಲಿ? ನೀನೂ ನಿಮ್ಮವ್ವನ ಹಾಡಿನ ಧಾಟಿ ಬದಲಿಸಿ ಹಾಡತಿದ್ದಿ. ನಿನ್ನ ತೊಡಿ ಮ್ಯಾಲ ಮಕ್ಕೊಂಡು ನಾನ ಕೇಳೀನಿ. ಬೀಸೂ ಕಲ್ಲು ಸಣ್ಣದಾತು, ಹಾಡೂ ಜೋರು ಓಡಬೇಕು ಅಂತಿದ್ದಿ.”

“ಧಾಟಿ ಬದಲಿಸಿದೆ. ನಮ್ಮವ್ವನ ಬಾಯಾಗ ಹೊಲಸು ತುರುಕಲಿಲ್ಲ,” ಎಂದಳು ಕಳಕಮ್ಮ. “ಉಣಿಸಿ ತಿನಿಸಿ ಸಾಕಿದ್ದಕ್ಕ ನನ್ನ ನಡು ಬಜಾರದಾಗ ನಿಲ್ಲಿಸಿದಿ. ನಿಮ್ಮ ಮಾವ ತಲಿ ಎತ್ತಿ ತಿರಗದಂಗ ಆಗ್ಯದ. ಆ ಮಾತು ಹಾಕೂವಾಗ ನಿನಗ ಕೈ ನಡಗಲಿಲ್ಲೇನೊ?”

ವಿರೂಪಾಕ್ಷಪ್ಪ ಧೂಳು ಒರೆಸುತ್ತಿದ್ದ ಬಟ್ಟೆ ಮಡಿಸಿ ಪೇಟಿಯ ಮೇಲಿಟ್ಟ. ಆಮೇಲೆ, ಹೇಳಬಾರದೆಂದು ತಡೆದುಕೊಂಡಿದ್ದನ್ನು ಹೇಳುವವನಂತೆ ಹೇಳಿದ: “ಆ ಮಾತು ನಾ ಹಾಕಿದ್ದಲ್ಲ ಅತ್ತಿ. ಅನ್ನಮ್ಮ ಹಾಕಿದ್ದು.”

“ಯಾವ ಅನ್ನಮ್ಮ?”

“ನಮ್ಮ ಅನ್ನಮ್ಮನ. ದೀಪಾವಳಿಗೆ ಕಂಪನಿ ಕುಷ್ಟಗ್ಯಾಗಿತ್ತಲ್ಲ, ಅವರ ಮನಿಗೆ ಉಣ್ಣಾಕ ಹೋಗಿದ್ದೆ. ಅತ್ತಿ ಹಾಡು ಹೇಳವಾ, ಧಾಟಿ ಬರಕೋತೀನಿ ಅಂದೆ. ಮೊದಲು ಒಲ್ಲೆ ಅಂದ್ಲು. ಆಮ್ಯಾಲ ತಾನ ಹಿಂಗ ತಿರುವಿ ಹಾಡಿದ್ಲು. ಹಾಡಿ ನಕ್ಕಳು. ನಾ ಬರಕೊಂಡು ಬಂದೆ.”

“ಸುಳ್ಳು.”

“ಹುಲಿಗೆಮ್ಮ ದೇವಿ ಆಣಿ.”

ಕಳಕಮ್ಮ ಅವನು ತರಿಸಿದ ಚಹಾ ಮುಟ್ಟದೆ ಎದ್ದಳು. ಬಂದಾಗ ಇದ್ದ ಸಿಟ್ಟಿನಲ್ಲಿ ಒಂದು ಬಲವಿತ್ತು, ಹೋಗುವಾಗ ಅದೂ ಇರಲಿಲ್ಲ. ಪರರ ಊಟ ಉಂಡು ತಿರುಗುವ ಹುಡುಗ, ಚಪ್ಪಾಳೆಗೆ ಸೋತ ಎಂದರೆ ಹೇಗೋ ತಡೆದುಕೊಳ್ಳಬಹುದಿತ್ತು. ಯಾರಿಗಾಗಿ ಆ ಹಾಡು ಹುಟ್ಟಿತೋ ಅವಳೇ ಅದರ ಕತ್ತು ತಿರುವಿದಳೆಂದರೆ ಹೇಗೆ ನಂಬುವುದು? ಸುಳ್ಳೇ ಇರಬೇಕು, ತನ್ನ ಮೈಮೇಲಿನದನ್ನು ಜಾಡಿಸಿಕೊಳ್ಳಲು ಹೇಳಿದ್ದಿರಬೇಕು ಎಂದುಕೊಳ್ಳುತ್ತಲೇ ಕುಷ್ಟಗಿಗೆ ಹೋದಳು.

ಅನ್ನಮ್ಮನ ಮನೆಯ ಅಂಗಳದಲ್ಲಿ ಮೊಮ್ಮಗಳು ಹುಲಗೆಮ್ಮ ಕುಂಟಲಿಪಿ ಆಡುತ್ತಿದ್ದಳು. ಒಂದು ಕಾಲಲ್ಲಿ ಜಿಗಿಯುತ್ತ ಅದನ್ನೇ ಹಾಡುತ್ತಿದ್ದಳು, ‘ಬಾರೊ ಜಾಣ’ ಎನ್ನುವಾಗ ಕತ್ತು ಕೊಂಕಿಸುವುದನ್ನೂ ಯಾರೋ ಕಲಿಸಿದ್ದರು. ಅಜ್ಜಿಯನ್ನು ಕಂಡು ಓಡಿಬಂದು ಸೊಂಟ ತಬ್ಬಿದಳು.

“ಆಯಿ, ಈ ಹಾಡು ನಿನಗ ಬರತೈತಿ?”

“ಬರತಿತ್ತವ್ವ. ಮಗಳ ಅಂತ ಇತ್ತು ಅದರಾಗ.”

“ಅಲ್ಲ, ಜಾಣ ಅಂತ ಐತಿ! ನಿನಗ ತಪ್ಪು ಬರತೈತಿ,” ಎಂದು ಹುಡುಗಿ ನಕ್ಕು ಮತ್ತೆ ಆಟಕ್ಕೆ ಓಡಿದಳು.

ಅನ್ನಮ್ಮ ಒಳಗೆ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಮನೆಯವರೆಲ್ಲ ಹೊಲಕ್ಕೆ ಹೋಗಿದ್ದರು. ತಾಯಿ ಹೇಳದೆ ಕೇಳದೆ ಬಂದದ್ದು ನೋಡಿ ನೀರು ಕೊಟ್ಟಳು, ಏನು ವಿಶೇಷ ಎಂದು ಕೇಳಲಿಲ್ಲ. ಕಳಕಮ್ಮನಿಗೆ ಆಗಲೇ ಅನುಮಾನ ಗಟ್ಟಿಯಾಯಿತು.

“ಕೊಪ್ಪಳಕ್ಕ ಹೋಗಿದ್ದೆ. ವಿರೂಪಾಕ್ಷಿ ನಿನ್ನ ಮ್ಯಾಲ ಒಂದು ಮಾತು ಹೇಳ್ಯಾನ. ಅಲ್ಲ ಅನ್ನು, ನಾ ಅವನ್ನ ನೋಡ್ಕೋತೀನಿ.”

“ಅಲ್ಲ ಅಂತ ಹೆಂಗ ಅನ್ನಲಿ ಅವ್ವ? ನಾನ ಹಾಡಿದ್ದು.” ಅನ್ನಮ್ಮ ಮೊರದಿಂದ ಒಂದು ಹರಳು ಆರಿಸಿ ಬದಿಗಿಟ್ಟಳು. “ಪ್ಲೇಟ್ ಮಾಡ್ತಾನ ಅಂತ ಗೊತ್ತಿರಲಿಲ್ಲ. ಗೊತ್ತಿದ್ರೂ ಹಾಡತಿದ್ನೇನೊ.”

“ನಿನಗ ಅಂತ ಕಟ್ಟಿದ ಹಾಡವ್ವ ಅದು.”

“ಹೌದು. ನನಗ ಅಂತನ ಕಟ್ಟಿದಿ. ಊರ ಮಂದಿ ಮುಂದೆಲ್ಲ ಹಾಡಿದಿ. ಚಿಲಕ ಹಾಕೂದಿಲ್ಲ, ಕತ್ತಲಾದ್ರೂ ಬಾ ಅಂದಿ. ಬಂದಿದ್ದೆ ನಾ. ನೆನಪೈತಿ?”

ಕಳಕಮ್ಮನಿಗೆ ನೆನಪಿತ್ತು. ಮದುವೆಯಾದ ಮೊದಲನೇ ವರ್ಷ, ಅತ್ತೆಯ ಕೈಯಲ್ಲಿ ಏಟು ತಿಂದು, ಯಾರದೋ ಬಂಡಿ ಹತ್ತಿ ಹುಡುಗಿ ದೀಪ ಹಚ್ಚುವ ಹೊತ್ತಿಗೆ ಹಿತ್ತಲಿಗೆ ಬಂದು ನಿಂತಿತ್ತು. ಬೆನ್ನ ಮೇಲೆ ಬಾಸುಂಡೆಗಳಿದ್ದವು. ಕಳಕಮ್ಮ ಅವಕ್ಕೆ ಎಣ್ಣೆ ಹಚ್ಚಿದ್ದಳು, ಅನ್ನ ಕಲಸಿ ಉಣಿಸಿದ್ದಳು. ಬೆಳಗಾಗುವುದರೊಳಗೆ ಬಂಡಿ ಕಟ್ಟಿಸಿ, ಊರಿಗೆ ಸುದ್ದಿಯಾಗುವ ಮೊದಲೇ ವಾಪಸು ಕಳಿಸಿದ್ದಳು.

“ಅಪ್ಪ ಇರಲಿ ಬಿಡು ಅಂದ,” ಎಂದಳು ಅನ್ನಮ್ಮ. “ನೀನ ಬ್ಯಾಡ ಅಂದಿ. ಮುಂದಿನ ಸೋಮವಾರ ಯಾರದೋ ಮದುವ್ಯಾಗ ಮತ್ತ ಅದ ಹಾಡು ಹಾಡಿದಿ. ನಾ ಇಲ್ಲಿ ಸುದ್ದಿ ಕೇಳಿದೆ. ಕಳಕಮ್ಮನ ಹಾಡು ಕೇಳಿ ಎಲ್ಲಾರೂ ಅತ್ತರಂತ.”

“ನಿನ್ನ ಸಂಸಾರ ಉಳೀಲಿ ಅಂತ ಕಳಿಸಿದೆ. ಉಳೀತಿಲ್ಲ? ಮುದುಕಿ ಸತ್ತ ಮ್ಯಾಲ ಯಾರು ನಿನಗ ಏನಂದಾರ?”

“ಯಾರೂ ಏನೂ ಅಂದಿಲ್ಲ. ಛಲೋ ಅದೀನಿ. ಆದ್ರ ಆ ಹಾಡು ನನ್ನ ಕಿವಿಗೆ ಬಿದ್ರ ಬೆನ್ನು ಉರೀತಿತ್ತು ಅವ್ವ. ಅವ ಹಾಡು ಅಂದಾಗ ಬಾಯಾಗ ಮಗಳು ಅಂತ ಬರಲೇ ಇಲ್ಲ. ಚೇಷ್ಟಿ ಮಾಡಿ ಹಾಡಿದೆ. ಹಾಡಿದಮ್ಯಾಲ ಹಗುರಾತು. ಈಗ ಅದನ್ನ ಕೇಳಿದ್ರ ನನಗ ನಗು ಬರತೈತಿ.”

“ನನ್ನ ಮರ್ಯಾದಿ?”

ಅನ್ನಮ್ಮ ಮೊರ ಕೆಳಗಿಟ್ಟು ಎದ್ದು ಒಲೆಗೆ ಕಟ್ಟಿಗೆ ಇಟ್ಟಳು.

ಬೀಗರ ಎದುರು ಜಗಳ ಬೇಡವೆಂದು ಕಳಕಮ್ಮ ಆ ಮನೆಯಲ್ಲಿ ಉಂಡಳು. ತಾನು ಮಾಡಿದ್ದು ತಪ್ಪೇ ಇರಬಹುದು ಎಂದು ಒಂದು ಗಳಿಗೆ ಅನ್ನಿಸಿತು. ಮರುಗಳಿಗೆಗೆ ಸಂತೆಯಲ್ಲಿ ತಲೆ ತಗ್ಗಿಸಿ ನಿಂತ ಗಂಡ ಕಣ್ಣ ಮುಂದೆ ಬಂದ. ಸಿಟ್ಟಿದ್ದರೆ ಬಂದು ತನ್ನೆದುರು ಬೈಯಬಹುದಿತ್ತು, ಹಡೆದವಳ ಎದೆಯ ಮಾತನ್ನು ನಾಟಕದವನ ಕೈಗೆ ಕೊಡಬೇಕಿತ್ತೇ? ಬೆಳಿಗ್ಗೆ ಹೊರಡುವಾಗ ಅನ್ನಮ್ಮ ಉಡಿ ತುಂಬಿದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಆ ವರ್ಷ ಪಂಚಮಿಗೆ ಮಗಳನ್ನು ಕರೆತರಲು ದೊಡ್ಡಬಸಪ್ಪನೇ ಬಂಡಿ ಕಟ್ಟಿಕೊಂಡು ಹೋದ. ಕಳಕಮ್ಮ ಬೇಡವೆನ್ನಲಿಲ್ಲ, ಹೋಗೆಂದೂ ಅನ್ನಲಿಲ್ಲ. ಬೇವಿನ ಮರಕ್ಕೆ ಜೋಕಾಲಿ ಕಟ್ಟಿದರು. ಓಣಿಯ ಹುಡುಗಿಯರು ಬಂದರು, ತವರಿಗೆ ಬಂದ ಹೆಣ್ಣುಮಕ್ಕಳು ಬಂದರು. ಬಸವಣ್ಣೆಮ್ಮ ಅಡುಗೆಮನೆಯ ಬಾಗಿಲಿಗೆ ಬಂದು, ಹಳೆಯದನ್ನೆಲ್ಲ ಮರೆಸುವವಳಂತೆ ದನಿ ತಗ್ಗಿಸಿ ಹೇಳಿದಳು: “ಕಳಕಕ್ಕ, ಹೊರಗ ಬಾ. ಇವತ್ತ ಗಂಡಸರು ಯಾರೂ ಇಲ್ಲ. ನಿನ್ನ ಹಾಡು ಒಮ್ಮಿ ಹಾಡು, ಮೊದಲಿನಂಗ. ನಮ್ಮ ವಾರಿಗಿಯವರಿಗೆ ಅದ ಬೇಕು.”

ಕಳಕಮ್ಮ ಒಲೆಯ ಮೇಲೆ ಉಂಡಿ ಕಟ್ಟಲೆಂದು ಬೆಲ್ಲದ ಆಣದ ಪಾಕ ಕಾಸುತ್ತಿದ್ದಳು. ಸೌಟು ಹಿಡಿದೇ ಬಾಗಿಲಿಗೆ ಬಂದು, ಜೋಕಾಲಿಯ ಮೇಲಿದ್ದ ಮಗಳಿಗೂ ಕೇಳುವಂತೆ ಹೇಳಿದಳು:

“ಅದು ನನ್ನ ಹಾಡಲ್ಲ ಬಸವಣ್ಣೆಮ್ಮ. ಅನ್ನಮ್ಮಂದು. ಆಕೀನ ಕೇಳು.”

ಜೋಕಾಲಿ ಒಂದು ಸಲ ಹೋಗಿ ಬಂದು ನಿಧಾನವಾಯಿತು. ಅನ್ನಮ್ಮ ಕಾಲೂರಿ ನಿಲ್ಲಿಸಿ ತಾಯಿಯ ಕಡೆ ನೋಡಿದಳು. ಏನೋ ಹೇಳುವಂತೆ ಬಾಯಿ ತೆರೆದಳು. ಅಷ್ಟರಲ್ಲಿ ಹುಲಗೆಮ್ಮ, “ನಾ ಹಾಡತೀನಿ, ನಾ ಹಾಡತೀನಿ,” ಎಂದು ತಾಯಿಯ ತೊಡೆ ಹತ್ತಿ ಕೂತು, ಪ್ಲೇಟಿನ ಧಾಟಿಯಲ್ಲೇ ಶುರು ಮಾಡಿಬಿಟ್ಟಳು. ಹುಡುಗಿಯರೆಲ್ಲ ಚಪ್ಪಾಳೆ ಹಾಕಿದರು. ಅನ್ನಮ್ಮ ಹಗ್ಗ ಹಿಡಿದು ಮುಖ ಅತ್ತ ತಿರುಗಿಸಿ, ಮಗಳ ದನಿಗೆ ದನಿ ಕೂಡಿಸಿದಳು.

ಕಳಕಮ್ಮ ಒಳಗೆ ಬಂದಾಗ ಆಣ ಬಿಗಿದು ಪಾತ್ರೆಗೆ ಹತ್ತಿಕೊಂಡಿತ್ತು. ಅದಕ್ಕೆ ಒಂದಿಷ್ಟು ನೀರು ಬಿಟ್ಟು, ಕೆಂಡ ಮುಂದಕ್ಕೆ ಎಳೆದು, ಮತ್ತೆ ತಿರುವತೊಡಗಿದಳು.