ಹೊಲಿಗೆಗೆ ಬಿಟ್ಟ ಅಂಚು

"ಆ ಹಾರ ಇಲ್ಲಿ ಹಾಕಬೇಡಿ," ಎನ್ನುತ್ತ ಟೈಲರನ ಹೆಂಡತಿ ಗಂಡನ ಎದೆಯ ಮೇಲೆ ಬಂದಿದ್ದ ಕಾರ್ಯದರ್ಶಿಯ ಕೈಯನ್ನು ತಳ್ಳಿಯೇಬಿಟ್ಟಳು. "ಬದುಕಿದ್ದಾಗ ಮುಖ ಕೊಟ್ಟು ಮಾತಾಡಿಸಲಿಲ್ಲ. ಈಗ ಹೂವಂತೆ!"

ಮನೆಯ ಮುಂದಿನ ಕೋಣೆಯೇ ಅಂಗಡಿ. ನಲವತ್ತು ವರ್ಷ ಬಟ್ಟೆ ಕತ್ತರಿಸಿದ ಮೇಜಿನ ಹಲಗೆಯ ಮೇಲೆಯೇ ಅವನನ್ನು ಮಲಗಿಸಿದ್ದರು. ಅಷ್ಟುದ್ದದ ಜಾಗ ಆ ಮನೆಯಲ್ಲಿ ಬೇರೆ ಇರಲಿಲ್ಲ. ಬಾಗಿಲಲ್ಲಿ ಬಡಾವಣೆಯ ಜನ ಗುಸುಗುಸು ನಡೆಸಿದ್ದರು. ಒಬ್ಬೊಬ್ಬರ ಮುಖ ಕಂಡಾಗಲೂ ಅವಳಿಗೆ ಮೈ ಉರಿಯುತ್ತಿತ್ತು. ನಿಜ ಹೇಳಬೇಕೆಂದರೆ ಹಲಗೆಯ ಮೇಲಿದ್ದವನ ಮೇಲೂ ಸಿಟ್ಟಿತ್ತು. ತನ್ನ ಪಾಡಿಗೆ ತಾನು ಷರಟು ಹೊಲಿದುಕೊಂಡಿರುವುದು ಬಿಟ್ಟು ಊರ ಉಸಾಬರಿ ಹೊತ್ತು, ಇಡೀ ಬೀದಿಯನ್ನು ಎದುರು ಹಾಕಿಕೊಂಡು ಹೋಗಿಬಿಟ್ಟಿದ್ದ.

ಕಾರ್ಯದರ್ಶಿ ಹಾರವನ್ನು ಹೊಲಿಗೆ ಯಂತ್ರದ ಮೇಲಿಟ್ಟ. ಬಡಾವಣೆಯ ಸಂಘಕ್ಕೆ ಹನ್ನೊಂದು ವರ್ಷದಿಂದ ಅವನೇ ಕಾರ್ಯದರ್ಶಿ; ಬೇರೆಯವರು ಚುನಾವಣೆಗೆ ನಿಲ್ಲದ ಹಾಗೆ ನೋಡಿಕೊಳ್ಳುವುದೂ ಅವನದೇ ಕೆಲಸ.

"ಅಕ್ಕಾ, ಇದು ಹೊತ್ತಲ್ಲ, ಗೊತ್ತು. ಆದ್ರೆ ಪಾರ್ಕಿನ ನಕ್ಷೆ ಮೇಲೆ ಅವರು ಕೊಟ್ಟ ತಕರಾರು ಹಾಗೇ ಉಳಿದಿದೆ. ವಾಪಸ್ ತಗೊಂಡ್ವಿ ಅಂತ ನೀವೊಂದು ಸೈನ್ ಹಾಕಿದ್ರೆ ಸಾಕು. ಇವತ್ತೇ ಕೊನೇ ದಿನ."

ಅವನ ಹಿಂದೆ ಪುರಸಭೆಯ ಇಂಜಿನಿಯರಮ್ಮ, ಕಂಕುಳಲ್ಲಿ ನಕ್ಷೆಯ ಸುರುಳಿ ಹಿಡಿದು, ನೆಲ ನೋಡುತ್ತ ನಿಂತಿದ್ದಳು.

*

ಶಾಲೆಯ ಪಕ್ಕದ ಖಾಲಿ ಜಾಗದಲ್ಲಿ ಪಾರ್ಕು ಮಾಡುತ್ತೇವೆ, ಹೇಗಿರಬೇಕೋ ನೀವೇ ಹೇಳಿ ಎಂದು ಪುರಸಭೆ ಮೂರು ತಿಂಗಳ ಹಿಂದೆ ಸಭೆ ಕರೆದಿತ್ತು. ಟೈಲರ್ ಕೇಳಿದ್ದು ಒಂದೇ: ಶಾಲೆಯ ಹಿಂಬಾಗಿಲಿಂದ ಪಾರ್ಕಿನೊಳಗೆ ಒಂದು ದಾರಿ. ಲಾರಿ ಓಡಾಡುವ ರಸ್ತೆ ಸುತ್ತಿ ಬರುವ ಮಕ್ಕಳನ್ನು ಅವನು ದಿನವೂ ಕಿಟಕಿಯಿಂದ ನೋಡುತ್ತಿದ್ದ. ಹಿಂದಿನ ವರ್ಷ ಅಲ್ಲೇ ಕಾಲು ಕಳೆದುಕೊಂಡ ಹುಡುಗಿಗೆ ಯೂನಿಫಾರಂ ಹೊಲಿದವನೂ ಅವನೇ.

ದಾರಿಗೆ ಎಂಟಡಿ ಬೇಕು, ಶಾಲೆಯ ಗೋಡೆಗೂ ಕಾರ್ಯದರ್ಶಿಯ ಕಾರ್ ಶೆಡ್ಡಿಗೂ ನಡುವೆ ಇರುವುದು ಐದೇ ಅಡಿ ಎಂದರು ಪುರಸಭೆಯವರು. ಟೈಲರ್ ಒಪ್ಪಲಿಲ್ಲ. ಕಾರಿಗೆ ಕವರು ಹೊಲಿಯಲು ಅಳತೆಗೆ ಹೋದಾಗ, ಜಾಗದ ಹಳೆಯ ಗಡಿಕಲ್ಲು ಆ ಶೆಡ್ಡಿನ ಒಳಗೇ ಅವನ ಕಣ್ಣಿಗೆ ಬಿದ್ದಿತ್ತು.

ಮುಂದಿನ ಸಭೆಗೆ ಇಡೀ ಜಾಗವನ್ನು ಆ ಕಲ್ಲಿನವರೆಗೂ ಟೇಪಿನಲ್ಲಿ ಅಳೆದು, ನಕ್ಷೆಯ ಅಳತೆಗೇ ಇಳಿಸಿ, ಕಂದು ಕಾಗದದಲ್ಲಿ ಕತ್ತರಿಸಿ ತಂದ. ನಕ್ಷೆಯ ಮೇಲೆ ಹಾಸಿದರೆ ಕಾಗದ ನಾಲ್ಕೂ ಕಡೆ ಆಚೆ ಚಾಚಿತು.

"ನೋಡ್ರಪ್ಪಾ, ಇವರ ಪಾರ್ಕು ಶಾಲೆನೂ ನುಂಗುತ್ತೆ, ರಸ್ತೆನೂ ನುಂಗುತ್ತೆ!" ಎಂದ ಕಾರ್ಯದರ್ಶಿ. ಸಭೆ ಬಿದ್ದು ಬಿದ್ದು ನಕ್ಕಿತು. ಯಾರೋ ಕಾಗದದ ಮೇಲೆ ಟೀ ಲೋಟ ಇಟ್ಟರು.

ಟೈಲರ್ ತಕರಾರು ಬರೆದುಕೊಟ್ಟು ಮನೆಗೆ ಬಂದ. "ಎಲ್ಲೋ ತಪ್ಪಿದೆ ಕಣೇ, ಸ್ವಲ್ಪ ನೋಡು," ಎಂದು ಸುರುಳಿ ಚಾಚಿದ.

"ಅದನ್ನ ಇಲ್ಲಿ ಬಿಚ್ಚಿದ್ರೆ ಒಲೆಗೆ ಹಾಕ್ತೀನಿ," ಎಂದಿದ್ದಳು ಅವಳು.

ಅವನು ಮತ್ತೆ ಮತ್ತೆ ಹೋಗಿ ನೆಲವನ್ನೇ ಅಳೆದ. ಪ್ರತಿ ಸಲವೂ ಅದೇ ಲೆಕ್ಕ. ನಿನ್ನೆ ಬೆಳಿಗ್ಗೆ ಟೇಪು ಕೈಯಲ್ಲಿರುವಾಗಲೇ ಅಲ್ಲಿ ಕುಸಿದ.

*

"ನಕ್ಷೆ ಬಿಚ್ಚಿ," ಎಂದಳು ಟೈಲರನ ಹೆಂಡತಿ, ಇಂಜಿನಿಯರಮ್ಮನಿಗೆ.

"ಸಾವಿನ ಮನೇಲೂ ಜಗಳಾನಾ?" ಎಂದು ಬಾಗಿಲಲ್ಲಿ ಯಾರೋ ಗೊಣಗಿದರು.

"ಜಗಳ ಬೇಡ ಅಂದೋರು ಮನೆಗೆ ಹೋಗಬಹುದು."

ಯಾರೂ ಹೋಗಲಿಲ್ಲ. ಗಂಡನ ಕಾಲಬುಡದಲ್ಲಿ ನಕ್ಷೆ ಹಾಸಿ, ಯಂತ್ರದ ಕೆಳಗಿಂದ ಕಂದು ಕಾಗದ ತಂದು ಅದರ ಮೇಲೆ ಹರಡಿದಳು. ಟೀ ಲೋಟದ ಕಲೆ ಇನ್ನೂ ಇತ್ತು. ಅಂಚಿನ ಮೇಲೆ ಬೆರಳಿಟ್ಟವಳು ಹಾಗೇ ನಿಂತುಬಿಟ್ಟಳು. ಅವನು ಕತ್ತರಿಸಿದ್ದಕ್ಕೆ ನಲವತ್ತು ವರ್ಷ ಅಂಚು ಮಡಿಸಿ ಹೊಲಿದ ಬೆರಳು ಅದು.

"ಅಯ್ಯೋ, ಹೊಲಿಗೆಗೆ ಅರ್ಧ ಇಂಚು ಬಿಟ್ಟಿದೀರಲ್ರೀ! ಪಾರ್ಕನ್ನ ಯಾರಾದ್ರೂ ಹೊಲೀತಾರಾ?" ಎಂದಳು ಗಂಡನ ಮುಖ ನೋಡಿ. ಅಲ್ಲಿಯವರೆಗೆ ಬಾರದ ಅಳು ಆಗ ಬಂತು.

ಅಳುತ್ತಲೇ ಉಗುರಿನಿಂದ ಗೀರಿ ನಾಲ್ಕೂ ಅಂಚನ್ನು ಅರ್ಧ ಇಂಚು ಒಳಗೆ ಮಡಿಸಿದಳು. ಮೂರು ಕಡೆ ಕಾಗದ ನಕ್ಷೆಯ ಗೆರೆಗೆ ಸರಿಯಾಗಿ ಕೂತಿತು. ನಾಲ್ಕನೆಯ ಕಡೆ, ಶೆಡ್ಡಿನ ಮೇಲೆ, ಇನ್ನೂ ಅರ್ಧ ಇಂಚು ಉಳಿಯಿತು.

ಇಂಜಿನಿಯರಮ್ಮ ಬಗ್ಗಿ ನೋಡಿದಳು. "ಈ ನಕ್ಷೇಲಿ ಅರ್ಧ ಇಂಚು ಅಂದ್ರೆ... ಮೂರಡಿ."

"ಐದಕ್ಕೆ ಮೂರು ಸೇರಿದ್ರೆ ಎಂಟು," ಎಂದು ಬಾಗಿಲಲ್ಲಿ ಯಾರೋ ಲೆಕ್ಕ ಹಾಕಿದರು. ಅವಳು ಗಂಡನ ಜೇಬಿನಿಂದ ನೀಲಿ ಸೀಮೆಸುಣ್ಣ ತೆಗೆದು, ಕಾಗದದ ಅಂಚಿನುದ್ದಕ್ಕೂ ನಕ್ಷೆಯಲ್ಲಿದ್ದ ಶೆಡ್ಡಿನ ನಡುವೆ ಗೆರೆ ಎಳೆದಳು.

"ಇದೆಲ್ಲ ಈಗ ಬೇಕಾ ಅಕ್ಕಾ?" ಎಂದು ಕಾರ್ಯದರ್ಶಿ ಹೆಬ್ಬೆರಳಿನಿಂದ ಗೆರೆಯನ್ನು ಉಜ್ಜಿದ. ಅದು ಅಳಿಸಲಿಲ್ಲ, ಹರಡಿತು.

"ನಾಳೆ ಶೆಡ್ಡಿನ ಬೀಗ ತೆಗೆಸಿ. ನಾನು ಬಂದು ಅಳೀತೀನಿ," ಎಂದಳು ಇಂಜಿನಿಯರಮ್ಮ.

ಟೈಲರನ ಹೆಂಡತಿ ಕಣ್ಣೊರೆಸಿಕೊಂಡಳು. "ಈಗ ಎತ್ತಿ. ನೀವೂ ಬನ್ನಿ ಕಾರ್ಯದರ್ಶಿಗಳೇ, ಒಂದು ಮೂಲೆ ಹಿಡೀರಿ."

ಅಷ್ಟು ಜನ ನೋಡುತ್ತಿರುವಾಗ ಅವನು ಇಲ್ಲವೆನ್ನುವ ಹಾಗಿರಲಿಲ್ಲ. ಶವಕ್ಕೆ ಹೊದಿಸಿದ್ದ ಬಿಳಿ ಬಟ್ಟೆ ಜಾರುತ್ತಿತ್ತು; ಅದನ್ನೂ ಸೇರಿಸಿ ಹಲಗೆಯ ಮೂಲೆ ಹಿಡಿದ. ಶಾಲೆಯ ಗೋಡೆ ದಾಟುವಾಗ ಕೈ ಬದಲಿಸಿದ. ಅವನ ಹೆಬ್ಬೆರಳಿದ್ದ ಕಡೆ ಬಟ್ಟೆಯ ಮೇಲೆ ನೀಲಿ ಗುರುತು ಬಿದ್ದಿತ್ತು.