ನನ್ನದಲ್ಲದ ಐನೂರು ಡಾಲರ್

ನಮ್ಮೂರಿನ ಆರೋಗ್ಯ ಕೇಂದ್ರದ ದೋಣಿ ಇಂಜಿನ್ ಕೆಟ್ಟು ನಾಲ್ಕು ತಿಂಗಳು ದಡದಲ್ಲೇ ಬಿದ್ದಿತ್ತು. ಬಸುರಿಯರು ಪೇಟೆಯ ಆಸ್ಪತ್ರೆಗೆ ಮೀನಿನ ದೋಣಿಯಲ್ಲಿ ಹೋಗುತ್ತಿದ್ದರು. ಸರ್ಕಾರವನ್ನು ಕೇಳಿದರೆ ಹಣವಿಲ್ಲ ಎಂದಿತು. ಕೊನೆಗೆ ಚರ್ಚಿನಲ್ಲಿ ಸೊಲಿ ಇಟ್ಟರು. ನಮ್ಮ ಫಿಜಿಯಲ್ಲಿ ಸೊಲಿ ಎಂದರೆ, ಕೊಟ್ಟವರ ಹೆಸರನ್ನೂ ಮೊತ್ತವನ್ನೂ ಎಲ್ಲರೆದುರು ಓದುವ ಕಾಣಿಕೆ.

"ತಿತಿಲಿಯಾ, ಐನೂರು ಡಾಲರ್" ಎಂದು ಓದಿದಾಗ ಜನ ಚಪ್ಪಾಳೆ ತಟ್ಟಿದರು. ಆ ತಿತಿಲಿಯಾ ನಾನೇ. ರಸ್ತೆ ಬದಿಯಲ್ಲಿ ತಗಡು, ಮೊಳೆ, ಬಣ್ಣ ಮಾರುವ ಅಂಗಡಿ ನನ್ನದು. ನನ್ನ ನಂತರ ಲೊಸಾನಾ ಅಜ್ಜಿಯ ಎರಡು ಡಾಲರ್ ಓದಿದರು. ಅಜ್ಜಿ ತಲೆ ತಗ್ಗಿಸಿದರು. ನಾನು ಬೀಗುತ್ತಾ ಕುಳಿತಿದ್ದೆ.

ಅಣ್ಣನ ಮಗಳು ಕೆಲೆರಾ ಆ ಕೇಂದ್ರದ ನರ್ಸು. ಅಂದು ಊಟಕ್ಕೆ ಬಂದವಳು ಕೆಸುವಿನ ಗೆಡ್ಡೆ ಸುಲಿಯುತ್ತಾ ಕೇಳಿದಳು.

"ಅತ್ತೆ, ಬಿರುಗಾಳಿಗೆ ಸೂರು ಹಾರಿದಾಗ ಲೊಸಾನಾ ಅಜ್ಜಿ ನಿಮ್ಮತ್ರ ತಗಡು ತಗೊಂಡ್ರಲ್ಲ, ರಸೀದಿ ಕೊಟ್ರಾ?"

"ಅವರು ಕೇಳ್ಲಿಲ್ಲ. ನಮ್ಮೋರ ಹತ್ರ ರಸೀದಿ ಕೇಳೋದಂದ್ರೆ ನಿನ್ನ ನಂಬಲ್ಲ ಅಂದಂಗೆ ಅಲ್ವೇನೇ?"

"ಬೆಲೆಯೊಳಗೆ ವ್ಯಾಟ್ ತೆರಿಗೆ ಸೇರಿಸಿದ್ರಾ?"

"ಸೇರಿಸದೆ ಇರ್ತೀನಾ?"

"ಅದನ್ನ ಸರ್ಕಾರಕ್ಕೆ ಕಟ್ಟಿದ್ರಾ?"

ನಾನು ಸೌಟು ಆಡಿಸುತ್ತಾ ಹೇಳಿದೆ, "ತೆರಿಗೆ ಆಫೀಸು ಸಮುದ್ರದಾಚೆ ಇದೆ. ಇರೋರು ನಾಲ್ಕು ಜನ. ಯಾರು ಬಂದು ನೋಡ್ತಾರೆ ಬಿಡು. ಕಟ್ಟಿದ್ರೂ ದೊಡ್ಡೋರು ತಿಂತಾರೆ."

"ನಾಲ್ಕೇ ಜನ ಇರೋದಕ್ಕೇ ರಸೀದಿ ಬೇಕು ಅತ್ತೆ. ಒಂದೊಂದು ಅಂಗಡಿಗೂ ಬರೋಕೆ ಅವರಿಗಾಗಲ್ಲ. ರಸೀದಿ ಇದ್ರೆ ಲೆಕ್ಕ ಸಿಗುತ್ತೆ. ದೊಡ್ಡೋರು ತಿಂದ್ರೆ ಕೇಳೋಕೆ ನಮಗೂ ಬಾಯಿರುತ್ತೆ. ಅಜ್ಜಿ ತಗಡಿನ ಬೆಲೆಯಲ್ಲಿ ತೆರಿಗೆ ಕೊಟ್ಟಾಗ್ಲೇ ದೋಣಿಗೂ ಕೊಟ್ಟಿದ್ರು. ಅದು ನಿಮ್ಮ ಗಲ್ಲಾದಲ್ಲೇ ಉಳೀತು. ಇವತ್ತು ಅದನ್ನೇ ನಿಮ್ಮ ಹೆಸರಲ್ಲಿ ಓದಿದ್ರು."

ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ ಎನ್ನುತ್ತಾರಲ್ಲ, ನಾನು ಮಾಡಿದ್ದು ಅದೇ. ಊಟಕ್ಕೆ ಕುಳಿತಾಗ ನಾಚಿಕೆಯಿಂದಲೇ ಎಲ್ಲವನ್ನೂ ಒಪ್ಪಿಕೊಂಡೆ. ನನ್ನ ಗಂಡ ವಿಲಿಸೋನಿ ತಟ್ಟೆ ಸರಿಸಿ, "ಹುಡುಗಿ ಹೇಳೋದು ನಿಜ ಕಣೇ. ನಾಳೆನೇ ಹೋಗಿ ಕಟ್ಟಿ ಬರೋಣ" ಎಂದ.

ದಂಡದೊಂದಿಗೆ ಎಲ್ಲ ಬಾಕಿ ಕಟ್ಟಿ ಬಂದೆವು. ಮುಂದಿನ ಭಾನುವಾರ ಚರ್ಚಿನಲ್ಲಿ ಎದ್ದು ನಿಂತೆ.

"ಹೋದ ವಾರ ಓದಿದ ಐನೂರು ನಂದಲ್ಲ. ನೀವು ಕೊಟ್ಟ ತೆರಿಗೆ ಅದು, ನಾನು ಇಟ್ಕೊಂಡಿದ್ದೆ. ಲೊಸಾನಾ ಅಜ್ಜಿ ಕೊಟ್ಟಿದ್ದು ಎರಡಲ್ಲ, ತಗಡಿನ ತೆರಿಗೆ ಅರವತ್ತೂ ಸೇರಿ ಅರವತ್ತೆರಡು. ಹಾಗಂತ ಬರ್ಕೊಳ್ಳಿ."

ಅಜ್ಜಿ ನನ್ನನ್ನೇ ನೋಡುತ್ತಿದ್ದರು. ಮತ್ತೆ ಅವರ ಮುಖ ನೋಡುವ ಧೈರ್ಯ ನನಗೆ ಇವತ್ತಿಗೂ ಬಂದಿಲ್ಲ.

ಅಕ್ಕಂದಿರೇ, ಅಣ್ಣಂದಿರೇ, ಏನೇ ಕೊಂಡರೂ ರಸೀದಿ ಕೇಳಿ. ಅಂಗಡಿಯವಳು ನಿಮ್ಮ ಸ್ವಂತ ಚಿಕ್ಕಮ್ಮನಾದರೂ ಕೇಳಿ. ಅಂಗಡಿ ಇಟ್ಟವರೇ, ಅವರು ಕೇಳುವ ಮೊದಲೇ ಕೊಡಿ, ತೆರಿಗೆ ಕಟ್ಟಿ. ಊರಿನ ಮುಂದೆ ನಾನು ನಿಂತಂತೆ ನೀವು ನಿಲ್ಲುವುದು ಬೇಡ.